ಲಿಸ್ಬನ್‌ಗೆ ಹೊರಡುವ ಮೊದಲು ಯಾವ ಇತಿಹಾಸ ಓದಲಿ?

ಓದುಗರ ಪ್ರಶ್ನೆ:

ಸರ್, ನಮ್ಮೂರು ಬಸ್ರೂರು, ಕುಂದಾಪುರದ ಹತ್ತಿರ. ಮದುವೆಯಾದ ಮೇಲೆ ಡೊಂಬಿವಲಿಯಲ್ಲೇ ಇದ್ದೇವೆ, ನನಗೆ ಫೋರ್ಟ್‌ನಲ್ಲಿ ಬ್ಯಾಂಕ್ ಕೆಲಸ. ಮಗಳು ಲಿಸ್ಬನ್‌ನಲ್ಲಿ ಓದುತ್ತಿದ್ದಾಳೆ. ಇನ್ನು ನಾಲ್ಕು ತಿಂಗಳಿಗೆ ನಾನೂ ಯಜಮಾನರೂ ಅಲ್ಲಿಗೆ ಹೋಗುವವರಿದ್ದೇವೆ. ಎರಡು ವಾರ. ಲಿಸ್ಬನ್, ಎವೊರಾ, ಪೋರ್ಟೊ. ಸುಮ್ನೆ ಫೋಟೊ ತೆಗೆದುಕೊಂಡು ಬರೋದು ಬೇಡ, ಸ್ವಲ್ಪ ಇತಿಹಾಸ ಓದಿಕೊಂಡು ಹೋಗೋಣ ಅಂತ ಆಸೆ. ಗೋವಾದಲ್ಲಿರುವ ಭಾವ ‘ದಿ ಪೋರ್ಚುಗೀಸ್ ಇನ್ ಇಂಡಿಯಾ’ ಓದು, ಚಿಕ್ಕ ಪುಸ್ತಕ, ಚೆನ್ನಾಗಿದೆ ಅಂದರು. ಅದೇ ಹೆಸರು ಹುಡುಕಿ ತರಿಸಿದೆ. ಬಂದದ್ದು ಎರಡು ದಪ್ಪ ಸಂಪುಟ! ಟ್ರೇನಿನಲ್ಲಿ ಹಿಡಿದುಕೊಳ್ಳೋಕೂ ಆಗಲ್ಲ. ಅರವತ್ತನೇ ಪುಟದಲ್ಲಿ ನಿಂತಿದ್ದೇನೆ, ಒಂದು ಹೆಸರೂ ತಲೆಯಲ್ಲಿ ಉಳಿಯುತ್ತಿಲ್ಲ. ಆಫೀಸಿನ ಗೆಳತಿ, ಆ ದೇಶದವರೇ ಬರೆದದ್ದು ಓದಬೇಕು ಅನ್ನುತ್ತಾಳೆ. ಭಾವನನ್ನು ಕೇಳಿದರೆ ಪೋರ್ಚುಗೀಸರು ಬರೆದದ್ದೆಲ್ಲ ಸುಳ್ಳು ಅನ್ನುತ್ತಾರೆ. ಮಗ, ಎಐ ಎರಡು ನಿಮಿಷದಲ್ಲಿ ಸಾರಾಂಶ ಕೊಡುತ್ತೆ ಅನ್ನುತ್ತಾನೆ. ಯಜಮಾನರು, ಗೈಡ್ ಇರ್ತಾನೆ ಬಿಡು ಅಂತಾರೆ. ನನ್ನ ಇತಿಹಾಸ ಎಸ್ಸೆಸ್ಸೆಲ್ಸಿಗೇ ಮುಗಿದದ್ದು. ಕನ್ನಡದಲ್ಲಿ ಏನಾದರೂ ಇದೆಯಾ? ಎಲ್ಲಿಂದ ಶುರು ಮಾಡಲಿ?

ಉತ್ತರ:

ಮೊದಲು ಆ ಎರಡು ಸಂಪುಟದ ವಿಷಯ ಮುಗಿಸೋಣ. ಭಾವ ಹೇಳಿದ ಪುಸ್ತಕ ಅದಲ್ಲ. ‘ದಿ ಪೋರ್ಚುಗೀಸ್ ಇನ್ ಇಂಡಿಯಾ’ ಅನ್ನುವ ಹೆಸರಿನಲ್ಲಿ ಎರಡು ಪುಸ್ತಕ ಇವೆ. ಒಂದು ಎಫ್. ಸಿ. ಡ್ಯಾನ್ವರ್ಸ್ ಬರೆದದ್ದು, 1894ರಲ್ಲಿ ಲಂಡನ್‌ನಲ್ಲಿ ಬಂತು, ಎರಡೂ ಸಂಪುಟ ಸೇರಿದರೆ ಸಾವಿರ ಪುಟ ದಾಟುತ್ತೆ. ಇನ್ನೊಂದು ಎಂ. ಎನ್. ಪಿಯರ್ಸನ್ ಬರೆದದ್ದು, 1987ರದ್ದು, ಇನ್ನೂರು ಪುಟವೂ ಇಲ್ಲ. ಭಾವ ಚಿಕ್ಕ ಪುಸ್ತಕ ಅಂದಿದ್ದರೆ ಅದು ಪಿಯರ್ಸನ್ ಅವರದ್ದೇ. ಅಂಗಡಿಯವನ ತಪ್ಪೂ ಇಲ್ಲ, ನಿಮ್ಮ ತಪ್ಪೂ ಇಲ್ಲ, ಹೆಸರು ಒಂದೇ.

ಡ್ಯಾನ್ವರ್ಸ್ ಕೆಟ್ಟ ಪುಸ್ತಕ ಅಂತಲ್ಲ. ಅವರು ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ದಾಖಲೆಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಅಧಿಕಾರಿ. ಬರೆದಿರೋದೂ ಹಾಗೇ. ಒಬ್ಬ ಗವರ್ನರ್ ಬಂದ, ಇಷ್ಟು ಹಡಗು ತಂದ, ಅಲ್ಲಿ ಕಾದಾಡಿದ, ಹೋದ. ಇನ್ನೊಬ್ಬ ಬಂದ. ಬ್ರಿಟಿಷ್ ಸಾಮ್ರಾಜ್ಯ ಜೋರಾಗಿದ್ದ ಕಾಲದಲ್ಲಿ ಕೂತು, ಇನ್ನೊಂದು ಯುರೋಪಿಯನ್ ಸಾಮ್ರಾಜ್ಯ ಯಾಕೆ ಬಿತ್ತು ಅಂತ ಕೇಳಿಕೊಂಡು ಬರೆದದ್ದು. ಏನಾದರೂ ಹುಡುಕಿ ನೋಡೋಕೆ ನಾನೂ ಅದನ್ನು ತೆಗೆಯುತ್ತೇನೆ. ಶುರುವಿನಿಂದ ಕೊನೆವರೆಗೆ ಓದು ಅಂತ ನನ್ನ ವಿದ್ಯಾರ್ಥಿಗಳಿಗೂ ಯಾವತ್ತೂ ಹೇಳಿಲ್ಲ.

ಮುಂಬಯಿಯಲ್ಲಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ಪ್ರವಾಸಕ್ಕೆ ಹೊರಟವರು ಪುಸ್ತಕದ ಪಟ್ಟಿ ಕೇಳಿಕೊಂಡು ಬರೋದು ಹೊಸದೇನಲ್ಲ. ಬಹಳ ಜನ ಎಡವೋದು ಇಲ್ಲೇ. ಪುಸ್ತಕದ ಹೆಸರು ನೋಡುತ್ತಾರೆ, ಮುಖಪುಟ ನೋಡುತ್ತಾರೆ, ಸ್ಟಾರ್ ಎಷ್ಟು ಬಂದಿದೆ ನೋಡುತ್ತಾರೆ. ಮೊದಲ ಮುದ್ರಣ ಯಾವ ವರ್ಷದ್ದು ಅಂತ ನೋಡೋದಿಲ್ಲ. ಹಳೇ ಪುಸ್ತಕಗಳ ಕಾಪಿರೈಟ್ ಮುಗಿದಿರುತ್ತೆ, ಯಾರು ಬೇಕಾದರೂ ಸ್ಕ್ಯಾನ್ ಮಾಡಿ ಅಚ್ಚು ಹಾಕಬಹುದು. ಹೊಸ ಬಣ್ಣದ ಮುಖಪುಟ ಇರುತ್ತೆ, ಮೊನ್ನೆ ಮೊನ್ನೆಯ ಇಸವಿ ಇರುತ್ತೆ, ಒಳಗಿರೋದು ನೂರಿಪ್ಪತ್ತು ವರ್ಷ ಹಿಂದಿನ ಬರಹ. ಎಷ್ಟೋ ಸಲ ಮಡಚಿ ಇಟ್ಟಿದ್ದ ನಕ್ಷೆಗಳನ್ನು ಬಿಡಿಸದೇ ಸ್ಕ್ಯಾನ್ ಮಾಡಿರುತ್ತಾರೆ, ಅರ್ಧ ಕರಾವಳಿ ಮಾಯ. ಅದಕ್ಕೇ ತಲೆಬರಹದ ಹಿಂದಿನ ಪುಟ ತಿರುಗಿಸಿ, ‘ಮೊದಲ ಮುದ್ರಣ’ ಯಾವಾಗ ಅಂತ ನೋಡಿ. ಅದು ಇಲ್ಲವೇ ಇಲ್ಲ ಅಂದರೆ ಪುಸ್ತಕ ಕೆಳಗಿಡಿ.

ಇನ್ನು ಹೆಸರುಗಳು ತಲೆಯಲ್ಲಿ ಉಳಿಯದ ವಿಷಯ. ಅದು ನಿಮ್ಮ ವಯಸ್ಸಿನಿಂದಲ್ಲ. ಪೋರ್ಚುಗಲ್‌ನಲ್ಲಿ ಜುವಾಂವ್ ಅನ್ನುವ ರಾಜರು ಆರು ಜನ, ಅಫೊನ್ಸು ಅನ್ನುವವರೂ ಆರು ಜನ, ಪೆದ್ರುಗಳು ಐದು. ಅಲ್ಲಿಯ ಮಕ್ಕಳಿಗೆ ಶಾಲೆಯಲ್ಲೇ ಇದು ಬಾಯಿಪಾಠ. ಯಾವ ಲೇಖಕನೂ ಕೂತು ವಿವರಿಸೋದಿಲ್ಲ. ನಮಗೆ ದೂರದ ಸಂಬಂಧದ ಮದುವೆ ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು ಅಂತ ತಿಳಿಯದೇ ಕೂತ ಹಾಗೆ ಆಗುತ್ತೆ. ಇದಕ್ಕೆ ಒಂದು ಉಪಾಯ ಇದೆ. ಪುಸ್ತಕ ಶುರು ಮಾಡುವ ಮೊದಲೇ ಒಂದು ರಟ್ಟಿನ ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ. 1147, ಮೂರ್ ಅನ್ನುವ ಮುಸ್ಲಿಮರ ಕೈಯಿಂದ ಲಿಸ್ಬನ್ ವಶವಾಯಿತು. 1415, ಸಮುದ್ರ ದಾಟಿ ಆಫ್ರಿಕಾದ ಸಿಯುಟಾ ಹಿಡಿದರು. 1498, ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ. 1510, ಗೋವಾ. 1580ರಿಂದ 1640, ಸ್ಪೇನಿನ ರಾಜನೇ ಇವರಿಗೂ ರಾಜ. 1755, ಲಿಸ್ಬನ್ ಭೂಕಂಪ. 1807, ನೆಪೋಲಿಯನ್ ಸೈನ್ಯಕ್ಕೆ ಹೆದರಿ ಅರಮನೆಯೇ ಹಡಗು ಹತ್ತಿ ಬ್ರೆಜಿಲ್‌ಗೆ ಹೋಯಿತು. 1910, ರಾಜರು ಹೋಗಿ ಗಣರಾಜ್ಯ ಬಂತು. 1933, ಸಲಜಾರನ ಸರ್ವಾಧಿಕಾರ. 1961, ಗೋವಾ ನಮ್ಮದಾಯಿತು. 1974, ಸರ್ವಾಧಿಕಾರ ಬಿತ್ತು. ಮುಂಬಯಿಯವರು ಅಂತ ಇನ್ನೊಂದು ಸೇರಿಸಿಕೊಳ್ಳಿ, 1661. ಆ ವರ್ಷ ಇಂಗ್ಲೆಂಡಿನ ರಾಜನ ಜೊತೆ ಮದುವೆ ಒಪ್ಪಂದವಾದಾಗ ಪೋರ್ಚುಗಲ್ಲಿನವರು ಬಳುವಳಿಯಲ್ಲಿ ಮುಂಬಯಿ ಬರೆದುಕೊಟ್ಟರು. ಈ ಚೀಟಿಯೇ ಬುಕ್‌ಮಾರ್ಕ್ ಆಗಲಿ. ಯಾವ ಜುವಾಂವ್ ಎದುರಾದರೂ ಇಸವಿ ನೋಡಿ, ಸಾಕು.

ಈಗ ನಿಜವಾದ ತೊಂದರೆಗೆ ಬರೋಣ. ನೀವು ತರಿಸಿದ ಪುಸ್ತಕವಾಗಲಿ, ಭಾವ ಹೇಳಿದ್ದಾಗಲಿ, ಎರಡೂ ನಮ್ಮ ಕರಾವಳಿಯ ಕಥೆ. ನೀವು ಹೋಗುತ್ತಿರೋದು ಲಿಸ್ಬನ್‌ಗೆ. ಅಲ್ಲಿ ಭೂಕಂಪದ ಬಗ್ಗೆ ಪ್ರಶ್ನೆ ಬಂದರೆ ಪಿಯರ್ಸನ್ ಉಪಯೋಗಕ್ಕೆ ಬರಲ್ಲ. ದೇಶದ ಹೆಸರು ಹಿಡಿದು ಪುಸ್ತಕ ಹುಡುಕಬೇಡಿ. ನೀವು ಎಲ್ಲೆಲ್ಲಿ ನಿಲ್ಲುತ್ತೀರಿ ಅಂತ ಮಗಳ ಹತ್ತಿರ ಪಟ್ಟಿ ತರಿಸಿಕೊಳ್ಳಿ, ಆಮೇಲೆ ಪುಸ್ತಕ ಆರಿಸಿ.

ಉದಾಹರಣೆಗೆ ಲಿಸ್ಬನ್‌ನಲ್ಲಿ ಕಾರ್ಮು ಅಂತ ಒಂದು ಚಿಕ್ಕ ಚೌಕ ಇದೆ. ಮರಗಳು, ಕಾಫಿ ಅಂಗಡಿ, ಪಕ್ಕದಲ್ಲಿ ಮೇಲ್ಛಾವಣಿಯಿಲ್ಲದ ಒಂದು ಚರ್ಚು. ಬಂದವರೆಲ್ಲ ಕಮಾನುಗಳ ನಡುವೆ ಆಕಾಶ ಕಾಣೋ ಹಾಗೆ ಫೋಟೊ ತೆಗೆಯುತ್ತಾರೆ. ಆ ಛಾವಣಿ ಬಿದ್ದದ್ದು 1755ರ ನವೆಂಬರ್ 1ರ ಬೆಳಗ್ಗೆ. ಅವತ್ತು ಸಂತರೆಲ್ಲರ ಹಬ್ಬ, ಜನ ಚರ್ಚುಗಳಲ್ಲೇ ತುಂಬಿದ್ದರು. ಮೊದಲು ಭೂಕಂಪ, ಆಮೇಲೆ ಸಮುದ್ರ ನುಗ್ಗಿತು, ಆಮೇಲೆ ದಿನಗಟ್ಟಲೆ ಬೆಂಕಿ. ಹಬ್ಬಕ್ಕೆ ಹಚ್ಚಿದ ಮೇಣದಬತ್ತಿಗಳೂ ಬೆಂಕಿಗೆ ಕಾರಣ. ಅದೇ ಚೌಕದ ಇನ್ನೊಂದು ಬದಿ ಒಂದು ಪೊಲೀಸ್ ಪಡೆಯ ಕಟ್ಟಡ ಇದೆ. 1974ರ ಏಪ್ರಿಲ್ 25ರಂದು ಪ್ರಧಾನಿ ಕೈತಾನು ಅದರೊಳಗೆ ಅಡಗಿದ್ದ, ಹೊರಗೆ ಸೈನಿಕರೂ ಜನರೂ ಸುತ್ತುವರಿದಿದ್ದರು, ಸಂಜೆ ಹೊತ್ತಿಗೆ ಶರಣಾದ. ನಲವತ್ತು ವರ್ಷದ ಸರ್ವಾಧಿಕಾರ ಅಲ್ಲಿ ಮುಗಿಯಿತು. ಗೋವಾ ಭಾರತದ್ದು ಅಂತ ಪೋರ್ಚುಗಲ್ ಒಪ್ಪಿಕೊಂಡದ್ದೂ ಅದಾದ ಮೇಲೇ, 1974ರ ಕೊನೆಯಲ್ಲಿ. ಅಂದರೆ ಪಣಜಿಯಲ್ಲಿ ನಮ್ಮ ಬಾವುಟ ಹಾರಿ ಹದಿಮೂರು ವರ್ಷ ಆದ ಮೇಲೆ. ಇದು ಗೊತ್ತಿಲ್ಲದಿದ್ದರೆ ಅದು ಚೆಂದದ ಒಂದು ಹಾಳು ಚರ್ಚು, ಅಷ್ಟೆ.

ಆ ಭೂಕಂಪದಲ್ಲಿ ಇನ್ನೊಂದೂ ನಾಶವಾಯಿತು. ನದಿ ದಂಡೆಯ ಅರಮನೆ, ಅದರ ಗ್ರಂಥಾಲಯ, ಜೊತೆಗೆ ಕಾಜ಼ ದ ಇಂಡಿಯಾ. ಇದು ಭಾರತದ ವ್ಯಾಪಾರದ ಲೆಕ್ಕವೆಲ್ಲ ಇಡುತ್ತಿದ್ದ ಕಚೇರಿ. ಎಷ್ಟು ಮೆಣಸು ಬಂತು, ಯಾವ ಹಡಗು ಮುಳುಗಿತು, ಯಾರಿಗೆ ಎಷ್ಟು ಸಂಬಳ, ಇವುಗಳಲ್ಲಿ ಬಹಳಷ್ಟು ಅವತ್ತೇ ಹೋಯಿತು. ಅದಕ್ಕೇ ಇತಿಹಾಸಕಾರರು ಗೋವಾದ ಹಳೇ ಕಡತಗಳು, ಪಾದ್ರಿಗಳ ಪತ್ರಗಳು, ಆಗಿನ ಚರಿತ್ರೆಕಾರರ ಬರಹಗಳು, ಇವುಗಳ ಮೇಲೆ ಜಾಸ್ತಿ ನಿಲ್ಲಬೇಕಾಗುತ್ತೆ. ಒಂದು ಪುಸ್ತಕ ಯುದ್ಧಗಳ ಬಗ್ಗೆ ಮೂಟೆಗಟ್ಟಲೆ ಹೇಳಿ ವ್ಯಾಪಾರದ ಬಗ್ಗೆ ಎರಡು ಸಾಲಲ್ಲಿ ಮುಗಿಸಿದರೆ ಅದು ಬರೀ ಲೇಖಕನ ಸೋಮಾರಿತನ ಅಲ್ಲ. ಉಳಿದದ್ದೇ ಹಾಗೆ.

ಗೆಳತಿ ಹೇಳಿದ ಮಾತು, ‘ಆ ದೇಶದವರೇ ಬರೆದದ್ದು ಓದು’. ಕೇಳೋಕೆ ಸರಿ ಅನಿಸುತ್ತೆ. ಆದರೆ ಯಾವ ಕಾಲದಲ್ಲಿ ಬರೆದದ್ದು? 1933ರಿಂದ 1974ರವರೆಗೆ ಅಲ್ಲಿ ಸೆನ್ಸಾರ್ ಇತ್ತು. ನಾವಿಕರು, ಹಡಗುಗಳು, ಹೊಸ ಭೂಮಿ ಕಂಡುಹಿಡಿದದ್ದು, ಇದೇ ದೇಶದ ಹೆಮ್ಮೆ ಅಂತ ಸರ್ಕಾರವೇ ಕೂತು ಕಲಿಸಿತು. ಲಿಸ್ಬನ್‌ನ ಬೆಲೇಂ ಬಡಾವಣೆಯಲ್ಲಿ ನದಿಗೆ ಮುಖ ಮಾಡಿ ಹಡಗಿನ ಆಕಾರದ ದೊಡ್ಡ ಸ್ಮಾರಕ ಇದೆ, ನೀವು ಖಂಡಿತ ನೋಡುತ್ತೀರಿ. ತುಂಬಾ ಹಳೇದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. 1940ರ ಒಂದು ಪ್ರದರ್ಶನಕ್ಕೆ ಅದನ್ನು ತಾತ್ಕಾಲಿಕವಾಗಿ ಕಟ್ಟಿದ್ದರು, ಈಗಿರುವ ಕಾಂಕ್ರೀಟಿನದ್ದು 1960ರದ್ದು. ಆ ಕಾಲದ ಲಿಸ್ಬನ್ ಪುಸ್ತಕದಲ್ಲಿ ಗೋವಾ ಪೋರ್ಚುಗಲ್ಲಿನ ಒಂದು ಪ್ರಾಂತ್ಯ, ವಿಮೋಚನೆ ಅನ್ನುವುದು ಆಕ್ರಮಣ. 1974ರ ನಂತರ ಅಲ್ಲಿಯ ಇತಿಹಾಸಕಾರರೇ ಈ ಕಥೆಯನ್ನು ಬಿಚ್ಚಿ ನೋಡಿದ್ದಾರೆ. ಹಾಗಾಗಿ ಬರೆದವನ ಊರಿಗಿಂತ ಬರೆದ ವರ್ಷ ಮುಖ್ಯ.

ಭಾವನ ಮಾತು ಇದಕ್ಕೆ ಉಲ್ಟಾ, ‘ಎಲ್ಲಾ ಸುಳ್ಳು’. ಅವರ ಸಿಟ್ಟಿಗೆ ಕಾರಣ ಇಲ್ಲ ಅಂತಲ್ಲ. ಗೋವಾದಲ್ಲಿ ಇನ್‌ಕ್ವಿಸಿಷನ್, ಅಂದರೆ ಮತದ ದಾರಿ ತಪ್ಪಿದರು ಅಂತ ಜನರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಾಲಯ, 1560ರಲ್ಲಿ ಶುರುವಾಯಿತು, ನಡುವೆ ಕೆಲವು ವರ್ಷ ನಿಂತದ್ದು ಬಿಟ್ಟರೆ 1812ರವರೆಗೂ ಇತ್ತು. ಇದನ್ನು ಒಂದು ಪ್ಯಾರಾದಲ್ಲಿ ದಾಟಿಸಿಬಿಡುವ ಪುಸ್ತಕಗಳು ಇವೆ. ಲಿಸ್ಬನ್‌ನಲ್ಲಿ ಅದೇ ಸಂಸ್ಥೆ 1536ರಿಂದ ಇತ್ತು. ರೋಸಿಯು ಚೌಕದಲ್ಲಿ ಈಗ ರಾಷ್ಟ್ರೀಯ ರಂಗಮಂದಿರ ಇದೆಯಲ್ಲ, ಅದರ ಜಾಗದಲ್ಲಿದ್ದ ಅರಮನೆಯೇ ಅವರ ಕಚೇರಿಯಾಗಿತ್ತು. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಸಾಂವ್ ದುಮಿಂಗುಶ್ ಚರ್ಚು. ಅದರ ಎದುರು, 1506ರಲ್ಲಿ ಗುಂಪುಗಳು ಕೊಂದ ಯಹೂದಿ ಮೂಲದವರ ನೆನಪಿಗೆ ಕಲ್ಲು ನೆಟ್ಟಿದ್ದಾರೆ. ಪಕ್ಕದಲ್ಲೇ ಜನ ಚೆರಿ ಮದ್ಯ ಕುಡಿಯುತ್ತಾ ನಿಂತಿರುತ್ತಾರೆ.

ಆದರೆ ಪೋರ್ಚುಗೀಸರ ಬರಹವನ್ನೆಲ್ಲ ಎಸೆದರೆ ನಷ್ಟ ಕನ್ನಡಿಗರಿಗೇ. ಕೃಷ್ಣದೇವರಾಯ ನಸುಕಿನಲ್ಲಿ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆ ಹಚ್ಚಿಕೊಂಡು ಸಾಧನೆ ಮಾಡಿ, ಕುಸ್ತಿ ಆಡಿ, ಆಮೇಲೆ ಬೆಳಗಾಗುವವರೆಗೆ ಕುದುರೆ ಓಡಿಸುತ್ತಿದ್ದ ಅಂತ ನಮಗೆ ಹೇಗೆ ಗೊತ್ತು? ಡೊಮಿಂಗೊ ಪಾಯೆಸ್ ಬರೆದಿಟ್ಟ. ಮಹಾನವಮಿಯ ವರ್ಣನೆಯೂ ಅವನದ್ದೇ. 1520ರ ಆಸುಪಾಸು ಅವನು ವಿಜಯನಗರದಲ್ಲಿದ್ದ. ಆಮೇಲೆ ಬಂದ ನೂನಿಜ಼್ ಕೂಡ ಬರೆದ. ಇಬ್ಬರ ಹಸ್ತಪ್ರತಿಯೂ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಬಿದ್ದಿತ್ತು. 1897ರಲ್ಲಿ ಲಿಸ್ಬನ್‌ನಲ್ಲಿ ಅಚ್ಚಾಯಿತು, 1900ರಲ್ಲಿ ರಾಬರ್ಟ್ ಸಿವೆಲ್ ಇಂಗ್ಲಿಷಿಗೆ ತಂದರು. ಈ ಎರಡು ಬರಹ ಇಲ್ಲದಿದ್ದರೆ ಹಂಪಿಯ ಬಗ್ಗೆ ನಾವು ಹೇಳುವ ಅರ್ಧ ಕಥೆ ಇರುತ್ತಿರಲಿಲ್ಲ.

ಆಗಿನವರು ಬರೆದದ್ದನ್ನು ಓದುವಾಗ ಯಾರು, ಯಾಕೆ ಬರೆದರು ಅಂತ ಕೇಳಿಕೊಂಡು ಓದಬೇಕು, ಅಷ್ಟೆ. ಲಿಸ್ಬನ್‌ನ ನದಿ ಬದಿ ರಸ್ತೆಯಲ್ಲಿ ಗೋಡೆಯ ತುಂಬಾ ಮುಳ್ಳುಮುಳ್ಳು ಕಲ್ಲಿರುವ ಒಂದು ಮನೆ ಇದೆ, ಕಾಜ಼ ದುಶ್ ಬಿಕುಶ್. ಗೋವಾ ಗೆದ್ದ ಅಫೊನ್ಸು ದ ಅಲ್ಬುಕರ್ಕ್‌ನ ಮಗ ಬ್ರಾಶ್ 1523ರಲ್ಲಿ ಕಟ್ಟಿಸಿದ್ದು. ಅದೇ ಮಗ 1557ರಲ್ಲಿ ಅಪ್ಪನ ಸಾಹಸಗಳ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದ. ಮಗ ಬರೆದ ಅಪ್ಪನ ಕಥೆ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾ! ಆದರೂ ಅಪ್ಪನ ಪತ್ರಗಳು ಅವನ ಕೈಲಿದ್ದವು. ಬಿಡೋ ಹಾಗಿಲ್ಲ, ಪೂರ್ತಿ ನಂಬೋ ಹಾಗೂ ಇಲ್ಲ.

ಸರಿ, ಏನು ಓದೋದು. ನಾಲ್ಕು ತಿಂಗಳಿಗೆ ಮೂರು ಪುಸ್ತಕ ಸಾಕು, ಅದೂ ಚಿಕ್ಕವು.

ಮೊದಲನೇದು ದೇಶದ ಪೂರ್ತಿ ಕಥೆ ಹೇಳುವ ತೆಳ್ಳಗಿನದ್ದು. ಡೇವಿಡ್ ಬರ್ಮಿಂಗ್‌ಹ್ಯಾಮ್ ಬರೆದ ‘ಎ ಕನ್ಸೈಸ್ ಹಿಸ್ಟರಿ ಆಫ್ ಪೋರ್ಚುಗಲ್’ ತಗೊಳ್ಳಿ. 1993ರಲ್ಲಿ ಬಂತು, 2018ರ ಮೂರನೇ ಆವೃತ್ತಿ ಸಿಕ್ಕರೆ ಒಳ್ಳೇದು. ಇದರ ಕಷ್ಟ ಏನಂದರೆ ಓಟ ಜಾಸ್ತಿ. ಏಷ್ಯಾದ ಭಾಗ ನಿಮಗೆ ರುಚಿ ಹತ್ತುವಷ್ಟರಲ್ಲಿ ಮುಗಿದಿರುತ್ತೆ. ಇದನ್ನು ಎವೊರಾ, ಪೋರ್ಟೊ ಎಲ್ಲದಕ್ಕೂ ಸೇರಿಸಿ ಓದಿ. ಎವೊರಾದ ರೋಮನ್ ಗುಡಿಗಾಗಲಿ ಪೋರ್ಟೊದ ವೈನ್ ವ್ಯಾಪಾರಕ್ಕಾಗಲಿ ಬೇರೆ ಪುಸ್ತಕ ಹುಡುಕುತ್ತಾ ಕೂರಬೇಡಿ. 1703ರಲ್ಲಿ ಇಂಗ್ಲಿಷರ ಜೊತೆ ಒಂದು ವ್ಯಾಪಾರ ಒಪ್ಪಂದ ಆಯಿತು, ಅಲ್ಲಿಂದ ಆ ವೈನಿಗೆ ಇಂಗ್ಲೆಂಡಿನ ಮಾರುಕಟ್ಟೆ ಗಟ್ಟಿಯಾಯಿತು, ಗೋದಾಮುಗಳು ನದಿಯ ಆಚೆ ದಡದ ಗಾಯಾದಲ್ಲಿವೆ. ಇಷ್ಟು ತಿಳಿದರೆ ಎರಡು ದಿನಕ್ಕೆ ಸಾಕಾಗುತ್ತೆ.

ಎರಡನೇದು ನಮ್ಮ ಕರಾವಳಿಗೆ ಸೇರಿದ್ದು, ಅಂದರೆ ಪಿಯರ್ಸನ್. ಭಾವ ಹೇಳಿದ್ದು ಸರಿಯೇ ಇದೆ. ಭಾರತದ ಕಡೆಯಿಂದ ನೋಡುತ್ತಾರೆ, ಪೋರ್ಚುಗೀಸರನ್ನು ದೊಡ್ಡದಾಗಿಯೂ ಮಾಡೋದಿಲ್ಲ, ಭೂತ ಮಾಡಿ ತೋರಿಸೋದೂ ಇಲ್ಲ. ಸ್ವಲ್ಪ ಒಣ, ಕಥೆ ಕಡಿಮೆ ವಾದ ಜಾಸ್ತಿ. ಕಥೆಯೇ ಬೇಕು, ಸೀಟು ಸಿಗದೇ ಬಾಗಿಲ ಹತ್ತಿರ ನಿಂತಾಗಲೂ ಓದಿಸಿಕೊಂಡು ಹೋಗಬೇಕು ಅಂದರೆ ರೋಜರ್ ಕ್ರೌಲಿಯವರ ‘ಕಾಂಕರರ್ಸ್’ ಇದೆ, 2015ರದ್ದು. ಗಾಮನಿಂದ ಅಲ್ಬುಕರ್ಕ್‌ನವರೆಗೆ ಕಾದಂಬರಿ ಹಾಗೆ ಓಡುತ್ತೆ. ಆದರೆ ಅದು ನಿಂತಿರೋದು ಬಹುಪಾಲು ಪೋರ್ಚುಗೀಸ್ ಚರಿತ್ರೆಕಾರರ ಮೇಲೆ, ಹಾಗಾಗಿ ಕಣ್ಣು ಯಾವಾಗಲೂ ಹಡಗಿನ ಮೇಲೆ ನಿಂತು ದಡ ನೋಡುತ್ತೆ. ದಡದ ಮೇಲಿದ್ದವರು ಬರೀ ಗುಂಪು. ಒಂದೇ ಓದುತ್ತೇನೆ ಅಂದರೆ ಕ್ರೌಲಿ ಬೇಡ, ಪಿಯರ್ಸನ್ ಓದಿ. ಎರಡೂ ಓದುತ್ತೀರಿ ಅಂದರೆ ಕ್ರೌಲಿ ಮೊದಲು.

ಸಂಜಯ್ ಸುಬ್ರಹ್ಮಣ್ಯಂ ಅವರ ವಾಸ್ಕೊ ಡ ಗಾಮನ ಪುಸ್ತಕ (1997) ತುಂಬಾ ಒಳ್ಳೇದು, ಆದರೆ ಮೊದಲ ಪುಸ್ತಕವಾಗಿ ಕೈಗೆತ್ತಿಕೊಳ್ಳಬೇಡಿ. ಗಾಮ ಏನು ಮಾಡಿದ ಅನ್ನುವುದರ ಜೊತೆಗೆ, ಅವನನ್ನು ಮಹಾಪುರುಷ ಮಾಡಿದ್ದು ಯಾರು, ಯಾವಾಗ ಅಂತಲೂ ಅದು ಕೆದಕುತ್ತೆ. ಗಾಮ ತೀರಿಕೊಂಡದ್ದು ಕೊಚ್ಚಿಯಲ್ಲಿ, 1524ರಲ್ಲಿ. ಬೆಲೇಂನ ಜೆರೋನಿಮುಶ್ ಮಠದಲ್ಲಿ ಅವನ ಸಮಾಧಿ ನೋಡಿ ಅವತ್ತಿನಿಂದ ಅಲ್ಲೇ ಇದ್ದಾನೆ ಅಂತ ಜನ ಅಂದುಕೊಳ್ಳುತ್ತಾರೆ. ಅಲ್ಲಿಗೆ ತಂದದ್ದು 1880ರಲ್ಲಿ. ಆ ಮಠ ಕಟ್ಟಿದ ದುಡ್ಡಲ್ಲಿ ಮೆಣಸಿನ ವ್ಯಾಪಾರದ ಮೇಲಿನ ತೆರಿಗೆ ದೊಡ್ಡ ಪಾಲು, ಅದನ್ನೂ ನೆನಪಿಟ್ಟುಕೊಂಡು ಕಂಬಗಳನ್ನು ನೋಡಿ.

ಮೂರನೇದು ಆ ಕಾಲದವರದ್ದೇ ದನಿ. ಗಾಮನ ಮೊದಲ ಯಾನದಲ್ಲಿ ಹಡಗಿನಲ್ಲಿದ್ದ ಯಾರೋ ಒಬ್ಬ ಬರೆದ ದಿನಚರಿ ಉಳಿದಿದೆ. ಚಿಕ್ಕದು. 1898ರ ಇಂಗ್ಲಿಷ್ ಅನುವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತೆ. ಕಲ್ಲಿಕೋಟೆಯಲ್ಲಿ ದೇವಸ್ಥಾನಕ್ಕೆ ಹೋಗಿ ಅದನ್ನು ಚರ್ಚು ಅಂತ ತಿಳಿದು ಕೈಮುಗಿದದ್ದು, ಗೋಡೆಯ ಮೇಲಿನ ಚಿತ್ರಗಳನ್ನು ಸಂತರು ಅಂದುಕೊಂಡದ್ದು, ಎಲ್ಲ ಇದೆ. ಬರುವಾಗ ಆಫ್ರಿಕಾದ ಪೂರ್ವ ತೀರದ ಮಾಲಿಂದಿಯಿಂದ ಕಲ್ಲಿಕೋಟೆಗೆ ಒಂದು ತಿಂಗಳೂ ಹಿಡಿಯಲಿಲ್ಲ. ವಾಪಸ್ ಹೋಗುವಾಗ ಕಾರವಾರದ ಹತ್ತಿರದ ಅಂಜದೀವ್ ದ್ವೀಪದಲ್ಲಿ ಹಡಗು ರಿಪೇರಿ ಮಾಡಿಕೊಂಡು ಅಕ್ಟೋಬರ್ ಶುರುವಿನಲ್ಲೇ ಹೊರಟುಬಿಟ್ಟರು. ಗಾಳಿ ಇನ್ನೂ ತಿರುಗಿರಲಿಲ್ಲ. ಆಫ್ರಿಕಾ ಮುಟ್ಟೋಕೆ ಮೂರು ತಿಂಗಳು ಹಿಡಿಯಿತು, ವಸಡು ಬಾತು ಜನ ಸತ್ತರು. ನಮ್ಮ ಕಡೆ ಮೀನುಗಾರರ ಮನೆಯ ಮಗುವನ್ನು ಕೇಳಿದ್ದರೂ ಇನ್ನೊಂದು ತಿಂಗಳು ನಿಲ್ಲಿ ಅಂತ ಹೇಳುತ್ತಿತ್ತು.

ಬೇರೆ ಪುಸ್ತಕ ಕೈಗೆ ಬಂದರೆ ಅಂಗಡಿಯಲ್ಲೇ ನಿಂತು ಪರೀಕ್ಷೆ ಮಾಡೋದು ಹೇಗೆ? ಹಿಂದಿನ ಇಂಡೆಕ್ಸ್ ತೆಗೆಯಿರಿ. ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು. ಇದ್ದರೆ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಜಾಗ ಹುಡುಕಿ. ನಿಮಗಂತೂ ಬಸ್ರೂರೇ ಇದೆ! ಆದರೆ ಆ ಹೆಸರಲ್ಲಿ ಸಿಗೋದಿಲ್ಲ, ಬಾರ್ಸೆಲೋರ್ ಅಂತ ಇರುತ್ತೆ. ಹೊನ್ನಾವರ ಒನೋರ್, ವಸಾಯಿ ಬಸೈನ್. ಗೋವಾದ ಪೋರ್ಚುಗೀಸರ ಹೊಟ್ಟೆ ತುಂಬಿದ್ದು ನಮ್ಮ ಕರಾವಳಿಯ ಅಕ್ಕಿಯಿಂದ, ಅದಕ್ಕೇ ಬಸ್ರೂರಿನ ಮೇಲೆ ಅವರಿಗೆ ಅಷ್ಟು ಕಣ್ಣು. ಅಲ್ಲಿ ಕೋಟೆ ಕಟ್ಟಿದರು, 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಓಡಿಸಿದ. 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಊರು ಲೂಟಿ ಮಾಡಿದ್ದೂ ಅಷ್ಟು ಸಂಪತ್ತು ಇದ್ದದ್ದರಿಂದ. ಈ ಅಕ್ಕಿಯ ವಿಷಯ ಒಂದೆರಡು ಸಾಲಾದರೂ ಇದ್ದರೆ ಲೇಖಕ ದಡಕ್ಕಿಳಿದು ನೋಡಿದ್ದಾನೆ ಅಂತ ಅರ್ಥ. ಆಮೇಲೆ ತಿಮೋಜಾ ಅಂತ ಹುಡುಕಿ. ಗೋವಾದ ಮೇಲೆ ಬೀಳೋಣ ಅಂತ ಅಲ್ಬುಕರ್ಕ್‌ಗೆ ಹೇಳಿಕೊಟ್ಟು, ಜೊತೆಗೂ ಹೋದ ನಮ್ಮ ಹೊನ್ನಾವರ ಕಡೆಯ ನಾಯಕ ಅವನು. ಅವನಿಲ್ಲದೇ ಗೋವಾ ಗೆದ್ದ ಕಥೆ ಹೇಳುವ ಪುಸ್ತಕ ಅರ್ಧ ಪುಸ್ತಕ. ಮತ್ತೆ, ಗಾಮನಿಗೆ ದಾರಿ ತೋರಿಸಿದ್ದು ಅರಬ್ ನಾವಿಕ ಇಬ್ನ್ ಮಾಜಿದ್ ಅಂತ ಅನುಮಾನವೇ ಇಲ್ಲದೇ ಬರೆದಿದ್ದರೆ ಹುಷಾರು. ಆ ಕಥೆಯನ್ನು ವಿದ್ವಾಂಸರು ಕೈಬಿಟ್ಟು ಎಷ್ಟೋ ಕಾಲವಾಯಿತು.

ಎಐ ವಿಷಯ. ಮಗನಿಗೆ ಬೇಜಾರು ಮಾಡಬೇಡಿ, ಇಸವಿಗಳ ಪಟ್ಟಿಗೆ, ಹೆಸರು ಹೇಗೆ ಹೇಳೋದು ಅಂತ ಕೇಳೋಕೆ ಅದು ಸರಿ. ಪುಸ್ತಕದ ಹೆಸರು ಕೇಳಿದಾಗ ಮಾತ್ರ ಇಲ್ಲದ ಪುಸ್ತಕಕ್ಕೆ ಇರುವ ಲೇಖಕನ ಹೆಸರು ಅಂಟಿಸಿ ಕೊಟ್ಟುಬಿಡುತ್ತೆ. ಅಂಥ ಪಟ್ಟಿ ಹಿಡಿದುಕೊಂಡು ನನ್ನ ಹತ್ತಿರ ಬಂದವರಿದ್ದಾರೆ. ಯಾವ ಹೆಸರನ್ನೂ ಒಂದು ಲೈಬ್ರರಿಯ ಕ್ಯಾಟಲಾಗಿನಲ್ಲಿ ನೋಡದೇ ನಂಬಬೇಡಿ. ಇನ್ನು ಗೈಡ್. ಒಳ್ಳೇ ಗೈಡ್ ಸಿಕ್ಕರೆ ಅದೃಷ್ಟ, ಆದರೆ ಅವನಿಗೂ ಎರಡು ಗಂಟೆಯಲ್ಲಿ ಎಂಟು ಜಾಗ ಮುಗಿಸಬೇಕು. ಅವನು ಗೋವಾದ ಬಗ್ಗೆ ತಾನಾಗಿ ಮಾತೆತ್ತೋದು ಕಡಿಮೆ, ನೀವೇ ಕೇಳಬೇಕು. ಕೇಳೋಕೆ ಪ್ರಶ್ನೆ ಇರಬೇಕಲ್ವಾ?

ನೀವು ಫೋರ್ಟ್‌ನಲ್ಲೇ ಕೆಲಸ ಮಾಡೋದು ನಿಮ್ಮ ಭಾಗ್ಯ. ಟೌನ್ ಹಾಲ್‌ನ ಏಷ್ಯಾಟಿಕ್ ಸೊಸೈಟಿ ಗ್ರಂಥಾಲಯ ಇದೆ. ಸಿಎಸ್‌ಎಂಟಿಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಸೇಂಟ್ ಜೇವಿಯರ್ಸ್ ಕಾಲೇಜಿನ ಹೆರಾಸ್ ಇನ್‌ಸ್ಟಿಟ್ಯೂಟ್ ಇದೆ. ಅದನ್ನು ಕಟ್ಟಿದ ಫಾದರ್ ಹೆರಾಸ್ ಸ್ಪೇನಿನವರು, ವಿಜಯನಗರದ ಅರವೀಡು ವಂಶದ ಮೇಲೆ ಕೆಲಸ ಮಾಡಿದವರು. ಮೊದಲೇ ಫೋನ್ ಮಾಡಿ, ಹೊರಗಿನವರಿಗೆ ಓದೋಕೆ ಏನು ನಿಯಮ ಅಂತ ಕೇಳಿಕೊಂಡು ಹೋಗಿ. ಬರ್ಮಿಂಗ್‌ಹ್ಯಾಮ್ ಫೋನಿನಲ್ಲೋ ಕಿಂಡಲ್‌ನಲ್ಲೋ ಇದ್ದರೆ ಡೊಂಬಿವಲಿ ಫಾಸ್ಟ್‌ನಲ್ಲೂ ಓದಬಹುದು, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು.

ಒಂದು ಭಾನುವಾರ ಯಜಮಾನರನ್ನು ಕರೆದುಕೊಂಡು ಕೋಪರ್‌ನಲ್ಲಿ ವಸಾಯಿ ಗಾಡಿ ಹಿಡಿಯಿರಿ. ವಸಾಯಿ ಕೋಟೆ 1534ರಲ್ಲಿ ಗುಜರಾತಿನ ಸುಲ್ತಾನನಿಂದ ಪೋರ್ಚುಗೀಸರ ಕೈಗೆ ಹೋದ ಜಾಗ, 1739ರಲ್ಲಿ ಚಿಮಾಜಿ ಅಪ್ಪಾ ಗೆದ್ದದ್ದು. ಒಳಗೆ ಹಾಳುಬಿದ್ದ ಚರ್ಚುಗಳು, ನೆಲದಲ್ಲಿ ಪೋರ್ಚುಗೀಸ್ ಅಕ್ಷರದ ಗೋರಿಕಲ್ಲುಗಳು. ಬಾಗಿಲಿನ ಕೆತ್ತನೆ, ಕಿಟಕಿಯ ಆಕಾರ ನೋಡಿ ಇಟ್ಟುಕೊಳ್ಳಿ, ಎವೊರಾದಲ್ಲಿ ಅದರ ದಾಯಾದಿಗಳು ಸಿಗುತ್ತಾರೆ. ಪುಸ್ತಕ ಅಂದರೆ ಆಕಳಿಸುವವರಿಗೆ ಇದೇ ಒಳ್ಳೇ ಪಾಠ.

ಕನ್ನಡದಲ್ಲಿ ಪೋರ್ಚುಗಲ್ ದೇಶದ ಪೂರ್ತಿ ಇತಿಹಾಸ ಅಂತ ನಾನು ಧೈರ್ಯವಾಗಿ ಕೈಗೆ ಕೊಡುವ ಪುಸ್ತಕ ಇಲ್ಲ. ಆದರೆ ಆಚೆ ಬದಿಯ ಕಥೆ ಇದೆ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’, 18ನೇ ಶತಮಾನದ್ದು, ಶಿವಪ್ಪ ನಾಯಕನ ಕಾಲವೂ ಅದರಲ್ಲಿ ಬರುತ್ತೆ. ಹಳಗನ್ನಡದ ಚಂಪೂ, ಪೂರ್ತಿ ಓದೋದು ಕಷ್ಟ, ಪೀಠಿಕೆ ಇರುವ ಆವೃತ್ತಿ ಸಿಕ್ಕರೆ ಪೀಠಿಕೆ ಓದಿ. ಅದೂ ಅರಮನೆಯ ಕವಿ ಬರೆದದ್ದೇ, ಬ್ರಾಶ್ ಅಲ್ಬುಕರ್ಕ್ ಅಪ್ಪನನ್ನು ಹೊಗಳಿದ ಹಾಗೆ ಇಲ್ಲಿ ನಾಯಕರನ್ನು ಹೊಗಳಿದ್ದಾನೆ. ನಮ್ಮವನು ಅಂತ ರಿಯಾಯಿತಿ ಕೊಡಬೇಡಿ.

ಭಾವನಿಗೆ ಒಂದು ಮಾತು ಹೇಳಿ. ಲಿಸ್ಬನ್‌ನಿಂದ ಉತ್ತರಕ್ಕೆ ಬಸ್ಸಿನಲ್ಲಿ ಹೋದರೆ ಪೆನೀಶ್ ಅಂತ ಸಮುದ್ರದ ಕೋಟೆ ಇದೆ, ಸಲಜಾರನ ಕಾಲದ ರಾಜಕೀಯ ಜೈಲು, ಈಗ ಮ್ಯೂಸಿಯಂ. ಗೋವಾದ ಟಿ. ಬಿ. ಕುನ್ಹಾ ಅವರನ್ನು 1946ರಲ್ಲಿ ಹಿಡಿದು ಅಲ್ಲಿ ಇಟ್ಟಿದ್ದರು. ಮೋಹನ್ ರಾನಡೆ ಇದ್ದದ್ದು ಲಿಸ್ಬನ್ ಪಕ್ಕದ ಕಾಶಿಯಾಶ್ ಜೈಲಿನಲ್ಲಿ, ಗೋವಾ ಬಿಡುಗಡೆಯಾಗಿ ಏಳು ವರ್ಷವಾದರೂ ಅವರಿಗೆ ಬಿಡುಗಡೆ ಇರಲಿಲ್ಲ, 1969ರಲ್ಲಿ ಬಿಟ್ಟರು. ಅದೇ ಜೈಲುಗಳಲ್ಲಿ ಪೋರ್ಚುಗಲ್ಲಿನವರೇ ಎಷ್ಟೋ ಜನ ಇದ್ದರು, ಅದೇ ಸರ್ಕಾರವನ್ನು ಎದುರಿಸಿ. ಒಂದು ದಿನ ಉಳಿದರೆ ಪೆನೀಶ್‌ಗೆ ಹೋಗಿ.

ಇಲ್ಲಿಂದ ಪುಸ್ತಕ ಹೊತ್ತುಕೊಂಡು ಹೋಗಬೇಡಿ. ಲಿಸ್ಬನ್‌ನ ಶಿಯಾಡುದಲ್ಲಿ ಬರ್ಟ್ರಾಂಡ್ ಅಂತ ಪುಸ್ತಕದಂಗಡಿ ಇದೆ, 1732ರಲ್ಲಿ ಶುರುವಾದದ್ದು, ಭೂಕಂಪದಲ್ಲಿ ಬಿದ್ದು ಮತ್ತೆ ಎದ್ದದ್ದು. ಇಂಗ್ಲಿಷ್ ಪುಸ್ತಕಗಳೂ ಸಿಗುತ್ತವೆ. ಎರಡು ದಿನ ಊರು ಸುತ್ತಿದ ಮೇಲೆ ನಿಮಗೇ ಗೊತ್ತಾಗುತ್ತೆ ಇನ್ನೇನು ಓದಬೇಕು ಅಂತ. ಆಗ ಅಲ್ಲೇ ಕೊಳ್ಳಿ. ಸೂಟ್‌ಕೇಸಿನಲ್ಲಿ ಎರಡು ಕಿಲೊ ಜಾಗ ಬಿಟ್ಟುಕೊಂಡು ಹೋಗಿ, ಮತ್ತೆ ಇಂಡೆಕ್ಸ್ ನೋಡೋದು ಮರೀಬೇಡಿ.